ಒಡಲು ಕೆಂಪಾದ ಶ್ರಾವಣ

ಇಪ್ಪತ್ತೆರಡು ಸೀರೆ, ಒಂದು ಗುತ್ತಿಗೆ, ಒಬ್ಬ ನೇಕಾರನ ವಿಶ್ವಾಸ. ಆ ಶ್ರಾವಣ ನನಗೆ ಬಿದ್ದ ಬೆಲೆ ಇಷ್ಟು. ಯಾಕೆ ಬಿತ್ತೆಂದರೆ, ಕಂಪ್ಯೂಟರ್ ನಮಗೆ ಎರಡು ಪ್ರಶ್ನೆ ಕೇಳಿತು, ನಾವು ಓದದೆ ಉತ್ತರ ಕೊಟ್ಟೆವು. ಮೂರನೆಯ ಪ್ರಶ್ನೆಯನ್ನು ಮನುಷ್ಯನೇ ಫೋನು ಮಾಡಿ ಕೇಳಿದ, ಅದಕ್ಕೂ ನಾನು ನೋಡದೆ ಉತ್ತರ ಕೊಟ್ಟೆ. ಮೊದಲಿನ ಎರಡನ್ನು ಗಡಿಬಿಡಿ ಎನ್ನಬಹುದು. ಮೂರನೆಯದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ.

ಮರೆತೇಬಿಟ್ಟಿದ್ದೆ ಎಂದುಕೊಂಡಿದ್ದೆ. ಹೋದ ತಿಂಗಳು ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟಿದ್ದ ಬಸ್ಸು ಅಮೀನಗಡದಲ್ಲಿ ನಿಂತಿತು. ಕರದಂಟು ತೆಗೆದುಕೊಳ್ಳಲು ಇಳಿದೆ. ಆ ಅಂಗಡಿಯವನಿಗೂ ನನಗೂ ಹಳೆಯ ಪರಿಚಯ. ಅದೇ ಕಟ್ಟೆಯ ಮೇಲೆ ಕೊಡೆ ಬಿಡಿಸಿಕೊಂಡು ನಾನು ಸಿಮ್ ಕಾರ್ಡು ಮಾರಿ ಬದುಕು ಶುರುಮಾಡಿದವನು. ನನ್ನ ಮುಂದೆ ಒಬ್ಬ ಹೆಣ್ಣುಮಗಳು ಕರದಂಟಿನ ಪೊಟ್ಟಣ ತೂಗಿಸಿಕೊಳ್ಳುತ್ತಿದ್ದಳು. ಅವಳು ಉಟ್ಟಿದ್ದ ಸೀರೆಯ ಒಡಲು ಕೆಂಪು, ಸೆರಗು ನವಿಲುಬಣ್ಣ. ರುಚಿಗೆಂದು ಬಾಯಿಗೆ ಹಾಕಿಕೊಂಡಿದ್ದ ಕರದಂಟಿನ ಚೂರು ಬೆಲ್ಲವೋ ಮಣ್ಣೋ ತಿಳಿಯದಂತಾಯಿತು.

ಇಳಕಲ್ ಸೀರೆ ಉಡುವವರಿಗೆ ಇದನ್ನು ಹೇಳಬೇಕಾಗಿಲ್ಲ, ಉಡದವರಿಗೆ ಹೇಳುತ್ತೇನೆ. ಹಾಸು ಎಂದರೆ ಮಗ್ಗಕ್ಕೆ ಉದ್ದುದ್ದ ಹೂಡುವ ನೂಲು. ನಮ್ಮಲ್ಲಿ ಒಡಲು ಬೇರೆ ಹಾಸು, ಸೆರಗು ಬೇರೆ ಹಾಸು. ನೇಕಾರ ಇವೆರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೈಯಲ್ಲೇ ಜೋಡಿಸುತ್ತಾನೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಡಲು ಹಸಿರಿರಲಿ, ನೀಲಿಯಿರಲಿ, ಸೆರಗು ಮಾತ್ರ ಕೆಂಪು ರೇಷ್ಮೆ. ಇದು ನಮ್ಮ ಊರಿನ ಕೂಸಿಗೂ ಗೊತ್ತು. ಕೂಸಿಗೂ ಗೊತ್ತಿದ್ದದ್ದೇ ನಮ್ಮನ್ನು ಹಾಳುಮಾಡಿತು.

ಆಗ ನನ್ನದು ಸಣ್ಣ ಸಾಫ್ಟ್‌ವೇರ್ ಧಂದೆ. ನಾನು ಓದಿದ್ದು ಅಷ್ಟಕ್ಕಷ್ಟೇ. ಗಿರಾಕಿ ಹಿಡಿಯುವುದು, ಚೌಕಾಸಿ ಮಾಡುವುದು ನನ್ನ ಪಾಲಿನ ಕೆಲಸ. ಪ್ರೋಗ್ರಾಂ ಬರೆಯುವವನು ವಿನಾಯಕ, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿದವನು, ನನ್ನ ಪಾಲುದಾರ. ಇಳಕಲ್ಲಿನ ಒಂದು ನೇಕಾರರ ಸಂಘಕ್ಕೆ ನಾವು ಆರ್ಡರು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಯಾರಿಗೆ ಯಾವ ಸೀರೆ ಬೇಕು ಎಂಬುದನ್ನು ಕಚೇರಿಯವರು ತುಂಬುತ್ತಿದ್ದರು, ಅದು ಚೀಟಿಯಾಗಿ ಅಚ್ಚಾಗಿ ನೇಕಾರರ ಮನೆಗೆ ಹೋಗುತ್ತಿತ್ತು, ಚೀಟಿ ತೋರಿಸಿದರೆ ಗೋದಾಮಿನಲ್ಲಿ ನೂಲು.

ಒಳಗಿನ ಕೆಲಸ ಹೀಗೆ: ವಿನಾಯಕನಿಗೆ ಸೀರೆ ಎಂದರೆ ಒಂದು ವಸ್ತು, ಅದಕ್ಕೆ ಬಣ್ಣ, ಅಂಚು, ಉದ್ದ ಎಂಬ ಗುಣಗಳು. ಡೇಟಾಬೇಸಿಗೆ ಅದೇ ಸೀರೆ ಟೇಬಲ್ಲಿನ ಒಂದು ಸಾಲು, ಗುಣಗಳೆಲ್ಲ ಕಾಲಮ್ಮುಗಳು. ಇಬ್ಬರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ನಡುವೆ ನಿಂತು ಮಾತು ದಾಟಿಸುವ ದಲ್ಲಾಳಿಗೆ ಒಆರ್‌ಎಂ ಎಂದು ಹೆಸರು. ವಿನಾಯಕ ತನ್ನ ಕಡೆ ಒಂದು ಗುಣ ಬದಲಿಸಿದರೆ, ಡೇಟಾಬೇಸಿನ ಕಡೆಯೂ ಕಾಲಂ ಬದಲಾಗಬೇಕು. ಆ ಬದಲಾವಣೆಯ ಚೀಟಿಯನ್ನೂ ದಲ್ಲಾಳಿಯೇ ಬರೆದುಕೊಡುತ್ತಾನೆ, ಅದಕ್ಕೆ ಮೈಗ್ರೇಶನ್ ಎನ್ನುತ್ತಾರೆ. ಬರೆದುಕೊಡುವುದು ಅವನು, ಓದಿ ಸಹಿ ಹಾಕಬೇಕಾದವರು ನಾವು. ದಲ್ಲಾಳಿ ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕುವ ಮಂಕನನ್ನು ನಾನು ಸಂತೆಯಲ್ಲಿ ಎಷ್ಟೋ ಸಲ ನೋಡಿ ನಕ್ಕಿದ್ದೇನೆ.

ಶ್ರಾವಣದ ಮೊದಲ ವಾರ ಸಂಘದ ಸೆಕ್ರೆಟರಿ ಕಲ್ಲಪ್ಪ ಕರೆಸಿ, ಇನ್ನು ಮೇಲೆ ಚೀಟಿಯಲ್ಲಿ ಒಡಲಿನ ಬಣ್ಣ ಬೇರೆ, ಸೆರಗಿನ ಬಣ್ಣ ಬೇರೆ ಬರಬೇಕು ಎಂದರು. ಅಲ್ಲಿಯವರೆಗೆ ಇದ್ದದ್ದು ‘ಬಣ್ಣ’ ಎಂಬ ಒಂದೇ ಕಾಲಂ. ಅದರಲ್ಲಿ ಒಡಲಿನ ಬಣ್ಣವೇ ಇರುತ್ತಿತ್ತು, ಸೆರಗನ್ನು ಯಾರೂ ಬರೆಯುತ್ತಿರಲಿಲ್ಲ. ದರ ಹೇಳಿದೆ. ಕಲ್ಲಪ್ಪ ಜಗ್ಗಿದರು. ನಾನು ಪಟ್ಟಿಯಿಂದ ಒಂದು ಕೆಲಸ ತೆಗೆದುಹಾಕಿ ದರ ಇಳಿಸಿದೆ. ತೆಗೆದುಹಾಕಿದ್ದು ಯಾವುದು ಎಂದರೆ, ಅಸಲಿ ಡೇಟಾದ ನಕಲು ಮಾಡಿ ಮೊದಲು ಅದರ ಮೇಲೆ ಪ್ರಯೋಗ ಮಾಡುವುದು. ಕಣ್ಣಿಗೆ ಕಾಣದ ಕೆಲಸಕ್ಕೆ ಗಿರಾಕಿ ಕೈಬಿಚ್ಚುವುದಿಲ್ಲ, ಅದಕ್ಕೆ ಅದೇ ಮೊದಲು ಹಾರಿತು. ಚೌಕಾಸಿಯಲ್ಲಿ ಗೆದ್ದೆ ಎಂದು ಚಹಾ ಕುಡಿದೆ.

ಮರುದಿನ ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ, ಬಾಗಿಲಲ್ಲಿ ಎರೆಮಣ್ಣು ಹತ್ತಿದ ಚಪ್ಪಲಿಗಳ ರಾಶಿ. ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂದು ವಿನಾಯಕ ಆತುರದಲ್ಲಿದ್ದ. ಅವನು ತನ್ನ ಕಡೆ ‘ಬಣ್ಣ’ ಅಳಿಸಿ ‘ಒಡಲು’, ‘ಸೆರಗು’ ಎಂದು ಎರಡು ಬರೆದ. ದಲ್ಲಾಳಿ ನೋಡಿದ: ಒಂದು ಹೋಗಿದೆ, ಎರಡು ಬಂದಿವೆ. ಅವನಿಗೆ ಸೀರೆ ಗೊತ್ತಿಲ್ಲ, ಪಾಪ, ಕೇಳಿದ. ಹಳೆಯ ‘ಬಣ್ಣ’ಕ್ಕೆ ಈಗ ‘ಸೆರಗು’ ಎಂದು ಹೆಸರು ಬದಲಿಸಿದ್ದೀರಾ? ವಿನಾಯಕ ಪ್ರಶ್ನೆಯ ಅರ್ಧ ಓದಿ ಹೌದು ಎಂದು ಒತ್ತಿದ. ದಲ್ಲಾಳಿ ಮತ್ತೆ ಕೇಳಿದ: ಹಾಗಾದರೆ ‘ಒಡಲು’ ಹೊಸದು, ಅದು ಖಾಲಿ ಇರುವಂತಿಲ್ಲ, ಈಗಿರುವ ಆರ್ಡರುಗಳಿಗೆ ಏನು ತುಂಬಲಿ? ವಿನಾಯಕ ನನ್ನ ಕಡೆ ತಿರುಗಿ, ಹೊಸ ಕಾಲಮ್ಮಿಗೆ ಏನು ತುಂಬೋಣ ಎಂದ. ನಾನು ಫೋನಿನಲ್ಲಿ ಬಾದಾಮಿಯ ಒಬ್ಬ ಹೋಟೆಲ್ ಮಾಲೀಕನ ಜೊತೆ ದರ ಕುದುರಿಸುತ್ತಿದ್ದೆ. ಹೊಸ ಕಾಲಂ ಎಂದರೆ ಸೆರಗೇ ಇರಬೇಕಲ್ಲ. ಫೋನಿಗೆ ಅಂಗೈ ಅಡ್ಡ ಹಿಡಿದು ಹೇಳಿದೆ.

“ಕೆಂಪು ತುಂಬಲೇ. ಅದೇನ್ ಕೇಳೂ ಮಾತ?”

ಅಷ್ಟೇ. ಇಡೀ ಟೇಬಲ್ಲಿನಲ್ಲಿ ಒಡಲೆಲ್ಲ ಕೆಂಪಾಯಿತು, ಒಡಲಿನಲ್ಲಿರಬೇಕಾಗಿದ್ದ ಹಸಿರು, ನೀಲಿ, ನವಿಲುಬಣ್ಣಗಳೆಲ್ಲ ಸೆರಗಿಗೆ ಹೋಗಿ ಕೂತವು. ಬೇರೆ ಊರಿನವನಾಗಿದ್ದರೆ ಸೆರಗು ಯಾವ ಬಣ್ಣ ಎಂದು ಯೋಚಿಸುತ್ತಿದ್ದ, ಯೋಚಿಸುವಾಗ ಪ್ರಶ್ನೆ ಓದುತ್ತಿದ್ದ. ನಾವು ಇಲ್ಲಿಯವರು. ನಮಗೆ ಎಲ್ಲ ಗೊತ್ತಿತ್ತು.

ಹಬ್ಬದ ಆರ್ಡರುಗಳ ಚೀಟಿಗಳು ಹೊರಟವು. ಗೋದಾಮಿನಲ್ಲಿ ನವಿಲುಬಣ್ಣದ ರೇಷ್ಮೆ ಇರಲಿಲ್ಲ, ಸೆರಗಿಗೆ ಅದು ಎಂದೂ ಬೇಕಾಗಿರಲಿಲ್ಲ. ಕಲ್ಲಪ್ಪ ಬಣ್ಣ ಹಾಕುವವರಿಗೆ ಹೇಳಿ ಮಾಡಿಸಿದರು. ಮಾಡಿಸುವಾಗಲಾದರೂ ಯಾಕಪ್ಪಾ ಇದು ಎಂದು ಒಬ್ಬರೂ ಕೇಳಲಿಲ್ಲ. ಕೇಳದಿರಲು ಕಾರಣವಿತ್ತು. ಕಂಪ್ಯೂಟರ್ ಬಂದ ವರ್ಷವೇ ಸಂಘದ ಗೋಡೆಗೆ ಒಂದು ಫಲಕ ಬಿದ್ದಿತ್ತು: ಚೀಟಿಯಲ್ಲಿದ್ದಂತೆ ನೇಯತಕ್ಕದ್ದು. ಚೀಟಿಗೆ ಎದುರು ಮಾತಾಡಿದವರಿಗೆ ಕಲ್ಲಪ್ಪ ನಾಲ್ಕು ಜನರ ಮುಂದೆ ಬೈದಿದ್ದರು. ಆ ಫಲಕ ನೋಡಿ ಅಂದು ನನಗೆ ಹೆಮ್ಮೆಯಾಗಿತ್ತು. ಥೂ.

ಒಬ್ಬರು ಮಾತ್ರ ಕೇಳಿದರು. ಸಂಗಪ್ಪ ಕಾಕಾ, ಸಂಘದಲ್ಲಿ ಎಲ್ಲರಿಗಿಂತ ಹಳೆಯ ನೇಕಾರ. ಅವರ ಮಗ್ಗದ ಮೇಲೆ ಏನು ಏರಿದೆ ಎಂದು ಇಣುಕಿ ನೋಡಿ ಓಣಿಯ ಉಳಿದವರು ತಮ್ಮ ಹಾಸು ಹೂಡುತ್ತಿದ್ದರು. ಕಲ್ಲಪ್ಪನವರ ಬೈಗುಳಕ್ಕೆ ಅಂಜಿ ಅವರು ಕಚೇರಿಗೆ ಹೋಗಲಿಲ್ಲ, ನನಗೆ ಫೋನು ಮಾಡಿದರು. ನಾನು ಆಗ ಬಾದಾಮಿಯ ಆ ಹೋಟೆಲಿನಲ್ಲಿ ಮಾಲೀಕನ ಎದುರು ಕೂತಿದ್ದೆ, ದರ ಇನ್ನೇನು ಒಪ್ಪಿಗೆಯಾಗುವುದರಲ್ಲಿತ್ತು.

“ಮೌಲಾಸಾಬ್ರ, ಚೀಟಿಯೊಳಗ ಒಡಲು ಕೆಂಪು, ಸೆರಗು ನವಿಲು ಅಂತ ಬಂದೈತ್ರಿ. ನಾ ಮಗ್ಗದ ಕುಣಿಗೆ ಇಳದಾಗಿಂದ ಹಿಂಗ ನೇಯ್ದಿಲ್ಲ. ಖರೆ ಏನ್ರಿ ಇದು?”

“ಚೀಟಿಯೊಳಗ ಏನೈತಿ ಅದ ಖರೆ, ಕಾಕಾ. ಹೊಸಾ ಫ್ಯಾಶನ್ ಇದ್ದೀತು. ನೇಯ್ರಿ.”

“ನೀವು ನೋಡೀರೇನು?”

“ನೋಡೇನ್ರಿ.”

ನೋಡಿರಲಿಲ್ಲ. ಹೋಟೆಲಿನವನ ಮುಂದೆ, ನಮ್ಮ ಸಾಫ್ಟ್‌ವೇರಿನಲ್ಲಿ ತಪ್ಪಿರಬಹುದು ಎಂದು ಬಾಯಿಬಿಡಲು ನಾನು ತಯಾರಿರಲಿಲ್ಲ.

ಸಂಗಪ್ಪ ಕಾಕಾ ನೇಯ್ದರು. ಅವರನ್ನು ನೋಡಿ ಹತ್ತು ಮಗ್ಗಗಳು ನೇಯ್ದವು. ಒಂದೊಂದು ಮಗ್ಗಕ್ಕೆ ಎರಡೆರಡು ಸೀರೆ ಇಳಿದ ಮೇಲೆ ಹೊರಊರಿನ ವ್ಯಾಪಾರಿಯೊಬ್ಬ ತನ್ನ ಮಾಲು ನೋಡಲು ಬಂದು, ಮಡಿಕೆ ಬಿಚ್ಚಿ, ಇದೇನು ಸೀರೆಯೋ ಸೋಗೋ ಎಂದು ಎಸೆದು ಹೋದ. ಇಪ್ಪತ್ತೆರಡೂ ಸಂಘದ ಗಾದಿಯ ಮೇಲೆ ರಾಶಿ ಬಿದ್ದವು.

ವಿನಾಯಕ ಅರ್ಧ ತಾಸಿನಲ್ಲಿ ಸರಿಮಾಡಿದ. ಸೆರಗಿನದು ಒಡಲಿಗೆ, ಒಡಲಿನದು ಸೆರಗಿಗೆ. ನಾಲ್ಕು ಸಾಲು ಬರೆದರೆ ಮುಗಿಯಿತು. ನೇಯ್ದ ಸೀರೆಯನ್ನು ಹಾಗೆ ತಿರುಗಿಸಲು ಬರುವಂತಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ. ಆಮೇಲೆ ಅವನು ಇನ್ನೊಂದು ಕೆಲಸ ಮಾಡಿದ. ತಪ್ಪಿದ್ದ ಮೈಗ್ರೇಶನ್ ಫೈಲನ್ನು ಹಾಗೇ ಇಟ್ಟು, ತಿದ್ದುಪಡಿಗೆ ಮುಂದಿನ ನಂಬರಿನ ಹೊಸ ಫೈಲು ಬರೆಯಬೇಕಾಗಿತ್ತು. ಅವನು ಹಳೆಯ ಫೈಲಿನ ಒಳಗೇ ಕೈಹಾಕಿ ತಿದ್ದಿ, ಮೊದಲಿನಿಂದಲೂ ಎಲ್ಲ ಸರಿಯಿತ್ತು ಎನ್ನುವಂತೆ ಮಾಡಿಟ್ಟ. ಅಚ್ಚುಕಟ್ಟಾಯಿತು ಎಂದು ನಾನೇ ಬೆನ್ನು ತಟ್ಟಿದೆ. ಆ ಅಚ್ಚುಕಟ್ಟಿನ ಅರ್ಥ ಏನು ಎಂದು ತಿಳಿದದ್ದು ಕಲ್ಲಪ್ಪ ಪರದೆಯ ಮುಂದೆ ಕೂತು ಹಳೆಯ ಆರ್ಡರು ತೆಗೆದಾಗ. ಒಡಲು ನವಿಲುಬಣ್ಣ, ಸೆರಗು ಕೆಂಪು. ಕಂಪ್ಯೂಟರಿನಲ್ಲಿ ತಪ್ಪು ಎಲ್ಲೂ ಇಲ್ಲ. ಹಾಗಾದರೆ ತಪ್ಪು ಯಾರದು? ನೇಯ್ದವರದು.

ಕಲ್ಲಪ್ಪನವರ ಮುಖದ ಮೇಲೆ ಆ ಲೆಕ್ಕಾಚಾರ ಮೂಡಿದ್ದನ್ನು ನಾನು ನೋಡಿದೆ. ನವಿಲು ರೇಷ್ಮೆಗೆ ಬಣ್ಣ ಹಾಕಿಸಿದವರು ಅವರು. ಕಮಿಟಿಯ ಮುಂದೆ ಉತ್ತರ ಕೊಡಬೇಕಾಗಿದ್ದವರೂ ಅವರೇ. ಓಣಿಗೆ ಹೋಗಿ ಹಳೆಯ ಚೀಟಿಗಳನ್ನೆಲ್ಲ ವಾಪಸು ತಾ, ಹೊಸ ನಮೂನೆ ಬಂದಿದೆ ಎನ್ನು ಎಂದರು. ಮುಂದಿನ ವರ್ಷದ ಗುತ್ತಿಗೆಯ ಮಾತನ್ನೂ ಅದೇ ಉಸಿರಿನಲ್ಲಿ ತೆಗೆದರು. ಚೌಕಾಸಿ ಮಾಡಿ ಬದುಕಿದವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೋದೆ. ಹತ್ತು ಮನೆಯಲ್ಲಿ ಚೀಟಿ ಕೇಳಿದೆ, ಹತ್ತೂ ಮನೆಯವರು ಕೊಟ್ಟರು.

ಕೊನೆಯದು ಸಂಗಪ್ಪ ಕಾಕಾನ ಮನೆ. ಓಣಿಯ ತುಂಬ ಹಾಸಿನ ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ. ಮಳೆಗಾಲದಲ್ಲಿ ಅದು ಒಣಗುವುದಿಲ್ಲ, ಗೋಡೆಗೂ ಬಟ್ಟೆಗೂ ಹತ್ತಿ ಕೂರುತ್ತದೆ. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ನೀರು ಒಸರುತ್ತಿತ್ತು, ಕಾಕಾ ತಗಡಿನ ಡಬ್ಬಿಯಿಂದ ಅದನ್ನು ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಗೋಡೆಯ ಮೊಳೆಗೆ ಒಂದು ಉದ್ದನೆಯ ತಂತಿ. ಸಂಘದಿಂದ ಬಂದ ಚೀಟಿಗಳನ್ನೆಲ್ಲ ಬಂದ ಸರದಿಯಲ್ಲೇ ಅದಕ್ಕೆ ಚುಚ್ಚಿಟ್ಟಿದ್ದರು, ಒಂದನ್ನೂ ಹರಿದಿರಲಿಲ್ಲ. ತಪ್ಪಾಗಿ ಬಂದು ರದ್ದಾದ ಹಳೆಯ ಚೀಟಿಯೂ ಅಲ್ಲೇ, ಅದರ ಮೇಲೆ ಸರಿಯಾದದ್ದು. ನಮ್ಮ ಇಂಜಿನಿಯರಿಗೆ ಬಾರದ ವಿದ್ಯೆ ಆ ಮೊಳೆಗೆ ನೇತಾಡುತ್ತಿತ್ತು. ಕಾಕಾನ ಹೆಂಡತಿ ನೀಲವ್ವ ತಂತಿಯನ್ನೇ ಇಳಿಸಿ ನನ್ನ ಕೈಗೆ ಕೊಟ್ಟರು.

“ಬಿಡಿಸಿದ್ರ ಹರೀತಾವ. ತಂತಿ ಸಮೇತ ಒಯ್ರಿ. ಕೆಲಸಾ ಆದಮ್ಯಾಲ ತಂತಿ ತಂದಕೊಡ್ರಿ, ಮರೀಬ್ಯಾಡ್ರಿ.”

ಚಹಾ ಕೊಟ್ಟರು, ಕುಡಿದೆ.

ಕಮಿಟಿ ಕೂಡಿತು. ಕಲ್ಲಪ್ಪ ಪರದೆಯನ್ನು ಎಲ್ಲರ ಕಡೆ ತಿರುಗಿಸಿ ಓದಿ ಹೇಳಿದರು, ನೇಯ್ದದ್ದೇನು ಎಂದು ರಾಶಿಯ ಕಡೆ ಕೈ ಮಾಡಿದರು. ಉಳಿದ ಹತ್ತು ಜನ ಸಂಗಪ್ಪನ ಮಗ್ಗ ನೋಡಿ ನೇಯ್ದೆವು ಎಂದು ಕೈತೊಳೆದುಕೊಂಡರು. ಸಂಗಪ್ಪ ಕಾಕಾ ಎದ್ದು ನಿಂತರು. ಫೋನಿನ ಮಾತು ತೆಗೆಯುತ್ತಾರೆ ಎಂದುಕೊಂಡೆ. ತೆಗೆಯಲಿಲ್ಲ.

“ಚೀಟಿ ಮೌಲಾಸಾಬ್ರ ಕಡೆ ಅದಾವ್ರಿ. ಏನೈತಿ ಅವರ ಹೇಳ್ಲಿ.”

ಚೀಟಿಯ ತಂತಿ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಅದರ ತುದಿ ಚೀಲದ ಬಟ್ಟೆ ತೂರಿ ನನಗೆ ಚುಚ್ಚುತ್ತಿತ್ತು. ನಾನು ಹೇಳಿದ್ದು ಒಂದೇ ಮಾತು: ನೋಡಬೇಕ್ರಿ. ದೀಪಾವಳಿಯವರೆಗೆ ಸಂಗಪ್ಪನಿಗೆ ನೂಲು ಕೊಡಬಾರದು ಎಂದು ತೀರ್ಮಾನವಾಯಿತು. ನೂಲಿಲ್ಲದ ಮಗ್ಗ ಎಂದರೆ ಹಬ್ಬದ ಎದುರು ಒಲೆಯಿಲ್ಲದ ಮನೆ. ಕಾಕಾ ಚಪ್ಪಲಿ ಮೆಟ್ಟಿಕೊಂಡು, ಯಾರ ಮೇಲೂ ಕೂಗಾಡದೆ ಹೋದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರು ದಿನ ಆ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ತಿರುಗಿದೆ. ಹುನಗುಂದಕ್ಕೆ ಹೋದೆ, ಕಲಾದಗಿಯ ಕಡೆಯ ಒಬ್ಬ ದಾಳಿಂಬೆ ವ್ಯಾಪಾರಿಯ ಹತ್ತಿರ ಹೋದೆ, ಎಲ್ಲಿಯೂ ವ್ಯವಹಾರ ಕುದುರಲಿಲ್ಲ. ದರ ಹೇಳಲು ಬಾಯಿ ತೆರೆದರೆ ‘ನೋಡೇನ್ರಿ’ ಎಂದ ನನ್ನದೇ ದನಿ ಕೇಳುತ್ತಿತ್ತು. ನಾಲ್ಕನೆಯ ದಿನ ಕಾಕಾನ ಮನೆಗೆ ಹೋದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಮೊದಲೇ ಕೊಟ್ಟಿದ್ದ ನೂಲಿನ ಕೊನೆಯ ಹಾಸು ಮಗ್ಗದ ಮೇಲಿತ್ತು. ಗಂಡ ಹೆಂಡತಿ ಎದುರುಬದುರು ಕೂತು ಸೆರಗಿಗೂ ಒಡಲಿಗೂ ಕೊಂಡಿ ಹಾಕುತ್ತಿದ್ದರು. ಒಂದು ಕಡೆ ಕಾಕಾನ ಬೆರಳು ನಿಂತಿತು. ಬಂದ ದಾರಿಯಲ್ಲೇ ಹಿಂದೆ ಹೋಗಿ, ಹಾಕಿದ್ದ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಯಾಕೆ ಎಂದು ಕೇಳಿದೆ. ಒಂದು ಎಳೆ ತಪ್ಪಿದೆ ಎಂದರು.

“ಒಂದ ಎಳಿ ಯಾರಿಗೆ ಕಾಣತೈತಿ, ಕಾಕಾ?”

“ಕಾಣೂದಿಲ್ರಿ. ಆದ್ರ ತಪ್ಪ ಬಿಚ್ಚಬೇಕು. ಅದರ ಮ್ಯಾಲ ನೇಯಬಾರದು.”

ಅವರು ಎಳೆಯ ಮಾತನ್ನೇ ಆಡಿದ್ದರು. ಒಳಗೊಂದು ಹೊರಗೊಂದು ಆಡುವ ಮನುಷ್ಯನಲ್ಲ ಅವರು, ಅದು ನನ್ನ ಧಂದೆ. ನೀಲವ್ವ ತಲೆ ಎತ್ತದೆ, ತಂತಿ ತಂದಿರೇನು ಎಂದು ಕೇಳಿದರು. ನಾಳೆ ತರುತ್ತೇನೆ ಎಂದೆ.

ಮರುದಿನ ಸಂಘದ ಕಚೇರಿಗೆ ಹೋಗಿ, ಕಮಿಟಿಯ ಹಿರಿಯರನ್ನು ಕರೆಸಿ, ಆ ತಂತಿಯನ್ನು ಫಲಕದ ಮೊಳೆಗೇ ತೂಗುಹಾಕಿದೆ. ಚೀಟಿ ಓದಿದೆ. ಪರದೆಯ ಮೇಲಿದ್ದದ್ದು ಆಮೇಲೆ ತಿದ್ದಿದ್ದು ಎಂದೆ. ಕಾಕಾ ಫೋನು ಮಾಡಿ ಕೇಳಿದ್ದನ್ನು, ನೋಡದೆ ನೋಡಿದ್ದೇನೆ ಎಂದದ್ದನ್ನು ಹೇಳಿದೆ. ಕಲ್ಲಪ್ಪ ಮುಖ ತಿರುಗಿಸಿ ಫ್ಯಾನಿನ ಗಾಳಿ ಜೋರು ಮಾಡಿಕೊಂಡರು. ಗುತ್ತಿಗೆ ಅಲ್ಲೇ ಹೋಯಿತು. ವಿನಾಯಕ, ನಿನಗೆ ಧಂದೆ ಮಾಡಲು ಬರುವುದಿಲ್ಲ ಎಂದು ತನ್ನ ಲ್ಯಾಪ್‌ಟಾಪು ಎತ್ತಿಕೊಂಡು ಬಾಗಲಕೋಟೆಗೆ ಹೋದ.

ಸಂಗಪ್ಪ ಕಾಕಾನಿಗೆ ನೂಲು ಕೊಡಲು ಕಮಿಟಿ ಒಪ್ಪಿತು. ಅಷ್ಟರಲ್ಲಿ ಅವರು ಹುನಗುಂದದ ಒಬ್ಬ ವ್ಯಾಪಾರಿಯ ಹತ್ತಿರ ಕೈಬರಹದ ಚೀಟಿಗೆ ನೇಯಲು ಒಪ್ಪಿಕೊಂಡಿದ್ದರು. ತಂತಿ ಕೊಡಲು ಹೋದಾಗ ಕಾಕಾ ಅದನ್ನು ತೆಗೆದುಕೊಂಡು ಮೊಳೆಗೆ ಹಾಕಿದರು, ಕೂಡ್ರಿ ಎಂದರು. ಚಹಾದ ಮಾತು ಬರಲಿಲ್ಲ.

ಇನ್ನು ಆ ಇಪ್ಪತ್ತೆರಡು ಸೀರೆ. ಕಲ್ಲಪ್ಪ ಅವನ್ನು ಬಾದಾಮಿಯಲ್ಲಿ ಗುಹೆ ನೋಡಲು ಬರುವವರ ದಾರಿಯ ಒಂದು ಅಂಗಡಿಗೆ ಹಾಕಿದರು, ಹೊಸ ಮಾದರಿ ಎಂದು. ಎಲ್ಲವೂ ಮಾರಾಟವಾದವು. ಇನ್ನಷ್ಟು ಮಾಡಿಸಿ ಎಂದು ಅಂಗಡಿಯವನು ಬೆನ್ನು ಹತ್ತಿದನಂತೆ. ತಮ್ಮ ದೂರದೃಷ್ಟಿ ಎಂದು ಕಲ್ಲಪ್ಪ ಇಂದಿಗೂ ಹೇಳಿಕೊಳ್ಳುತ್ತಾರೆ, ಇಂದಿಗೂ ಅವರೇ ಸೆಕ್ರೆಟರಿ. ಅಮೀನಗಡದ ಆ ಹೆಣ್ಣುಮಗಳನ್ನು ಸೀರೆ ಎಲ್ಲಿಯದು ಎಂದು ಕೇಳಿದೆ. ಬಾದಾಮಿಯಲ್ಲಿ ಕೊಂಡಿದ್ದು, ಹೀಗೆ ಬೇರೆ ಎಲ್ಲಿಯೂ ಸಿಗುವುದಿಲ್ಲವಂತೆ ಎಂದು ಸೆರಗು ಬಿಡಿಸಿ ತೋರಿಸಿದಳು. ಅಂಚಿನ ಹತ್ತಿರ ಕೊಂಡಿ ನೋಡಿದೆ. ಒಂದು ಎಳೆಯೂ ತಪ್ಪಿರಲಿಲ್ಲ. ಬಸ್ಸು ಹಾರ್ನ್ ಹೊಡೆಯುವವರೆಗೆ ಅಲ್ಲೇ ನಿಂತಿದ್ದೆ, ಕರದಂಟಿಗೆ ಚೌಕಾಸಿ ಮಾಡಲೂ ಮನಸ್ಸಾಗಲಿಲ್ಲ.

ಈಗ ನಿಮಗೆ ಹೇಳುತ್ತೇನೆ, ಪುಕ್ಕಟೆ, ಆದರೆ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ದಲ್ಲಾಳಿ ಬರೆದುಕೊಟ್ಟ ಮೈಗ್ರೇಶನ್ನನ್ನು ತೆರೆದು ಓದಿ. ಯಾವ ಕಾಲಂ ಅಳಿಸುತ್ತಾನೆ, ಯಾವುದಕ್ಕೆ ಹೆಸರು ಬದಲಿಸುತ್ತಾನೆ, ಖಾಲಿ ಜಾಗಕ್ಕೆ ಏನು ತುಂಬುತ್ತಾನೆ ಎಂದು ಬೆರಳಿಟ್ಟು ನೋಡಿ. ನಡೆಯುತ್ತಿರುವ ಟೇಬಲ್ಲಿನಲ್ಲಿ ಹೆಸರು ಬದಲಿಸುವ ಉಸಾಬರಿಗೆ ಹೋಗಬೇಡಿ. ಹೊಸ ಕಾಲಂ ಪಕ್ಕದಲ್ಲಿ ಎಬ್ಬಿಸಿ, ಹಳೆಯದನ್ನು ಅದಕ್ಕೆ ಸುರುವಿ, ಕೆಲವು ದಿನ ಎರಡನ್ನೂ ಜೋಡಿ ನಡೆಸಿ, ಸರಿಹೋಯಿತು ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಕೆಡವಿ. ಹೊಸ ಮನೆಗೆ ಹೊಕ್ಕ ಮೇಲೆ ತಾನೇ ಹಳೆಯ ಮನೆ ಕೆಡವುವುದು? ಅಸಲಿನ ನಕಲಿನ ಮೇಲೆ ಮೊದಲು ಮಾಡಿ ನೋಡುವ ಕೆಲಸವನ್ನು ಚೌಕಾಸಿಯಲ್ಲಿ ಬಿಡಬೇಡಿ. ಗಿರಾಕಿ ಜಗ್ಗಿದರೆ ಬೇರೆ ಏನಾದರೂ ಬಿಡಿ, ನಿಮ್ಮ ಲಾಭ ಬಿಡಿ. ಒಮ್ಮೆ ನಡೆದುಹೋದ ಮೈಗ್ರೇಶನ್ನನ್ನು ತಿದ್ದಬೇಡಿ. ತಪ್ಪಿದ್ದರೆ ತಪ್ಪಿದ್ದ ಹಾಗೇ ಇರಲಿ, ಅದರ ಮುಂದೆ ಸರಿಯಾದದ್ದನ್ನು ಚುಚ್ಚಿ. ನೀವು ಅಚ್ಚುಕಟ್ಟಾಗಿ ಒರೆಸಿದ ತಪ್ಪು ಇನ್ನೊಬ್ಬರ ಅಂಗಳದಲ್ಲಿ ಹೋಗಿ ಬೀಳುತ್ತದೆ.

ಚೀಟಿ ಕೈಯಲ್ಲಿ ಹಿಡಿದು ಕೆಲಸ ಮಾಡುವ ಮನುಷ್ಯ ಫೋನು ಮಾಡಿ, ಇದು ಖರೆಯೇನ್ರಿ ಎಂದು ಕೇಳಿದರೆ, ಎದುರಿಗೆ ಎಂಥ ಗಿರಾಕಿ ಕೂತಿದ್ದರೂ ಎದ್ದು ಹೋಗಿ ನೋಡಿ. ನೋಡಿದ ಮೇಲೆ ಹೇಳಿ. ಸಂಗಪ್ಪ ಕಾಕಾನ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ಆ ಶ್ರಾವಣದ ಮೇಲೆ ಅದರಿಂದ ಒಂದು ಕರೆಯೂ ಬಂದಿಲ್ಲ.